ಅಂಜನಾದ್ರಿಯ ಮೇಲೆ ಒಮ್ಮೆಗೆ ಎಷ್ಟು ಮಂದಿ? ಯಾರೂ ಹೇಳದ ಲೆಕ್ಕ

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟದ ಬಗ್ಗೆ ಕೆಲವು ವರ್ಷಗಳಿಂದ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಕೆಡುತ್ತದೆ. ಹನುಮ ಹುಟ್ಟಿದ್ದು ಇಲ್ಲೇ ಎಂದು ಒಂದು ಸುದ್ದಿ. ಇಲ್ಲ, ತಿರುಮಲದಲ್ಲಿ ಎಂದು ಇನ್ನೊಂದು. ಬೆಟ್ಟದ ಅಭಿವೃದ್ಧಿಗೆ ನೂರು ಕೋಟಿ ಎಂದು ಒಂದು ಬಜೆಟ್ ಹೇಳುತ್ತದೆ, ಎರಡು ವರ್ಷ ಬಿಟ್ಟು ಬೇರೆ ಸರ್ಕಾರದ ಬಜೆಟ್ಟೂ ನೂರು ಕೋಟಿ ಎನ್ನುತ್ತದೆ. ರೋಪ್‌ವೇ ಬರುತ್ತದೆ ಎಂದು ಸಚಿವರು ಹೇಳಿದರೆ ಜಮೀನು ಕೊಡೆವು ಎಂದು ರೈತರು ಹೇಳುತ್ತಾರೆ. ದೇವಸ್ಥಾನ ಮುಜರಾಯಿಯದು ಎಂದು ಅಧಿಕಾರಿಗಳು ಹೇಳಿದ ಮೇಲೆ, ಅರ್ಚಕರ ಪೂಜೆಗೆ ಅಡ್ಡಿ ಮಾಡಬೇಡಿ ಎಂದು ಸುಪ್ರೀಂ ಕೋರ್ಟು ಹೇಳಿತೆಂಬ ಸುದ್ದಿ ಬರುತ್ತದೆ.

ಇವೆಲ್ಲ ಒಂದೇ ಜಗಳದ ಕಂತುಗಳಂತೆ ಕಾಣುತ್ತವೆ. ಅಸಲಿಗೆ ಇವು ಬೇರೆ ಬೇರೆ ಜಗಳಗಳು; ಬೇರೆ ಬೇರೆ ಕಾನೂನು, ಬೇರೆ ಬೇರೆ ಕಚೇರಿ. ಬೆಟ್ಟವೊಂದೇ ಅವಕ್ಕೆಲ್ಲ ಸಾಮಾನ್ಯ. ಒಂದೊಂದನ್ನೇ ಬಿಡಿಸಿ ನೋಡಿದರೆ, ಅತಿ ಜೋರಾಗಿ ಕೇಳುವ ಜಗಳಕ್ಕೆ ಬೆಟ್ಟದ ಭವಿಷ್ಯ ನಿರ್ಧರಿಸುವ ಶಕ್ತಿ ಅತಿ ಕಡಿಮೆ ಎಂದು ತಿಳಿಯುತ್ತದೆ. ನಿರ್ಧರಿಸಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿಲ್ಲ.

ಒಬ್ಬ ಹನುಮ, ಹಲವು ಬೆಟ್ಟ

ಜನ್ಮಸ್ಥಳದ ಚರ್ಚೆ ಹಳೆಯದು. ಅದು ಸಂಸ್ಥೆಗಳ ನಡುವಿನ ಪೈಪೋಟಿಯಾದದ್ದು ತೀರಾ ಇತ್ತೀಚೆಗೆ. ತಿರುಮಲ ತಿರುಪತಿ ದೇವಸ್ಥಾನ (ಟಿಟಿಡಿ) 2020ರ ಡಿಸೆಂಬರ್‌ನಲ್ಲಿ ವಿದ್ವಾಂಸರ ಸಮಿತಿಯೊಂದನ್ನು ಮಾಡಿತು. 2021ರ ಏಪ್ರಿಲ್ 21, ಶ್ರೀರಾಮನವಮಿಯ ದಿನ, ತಿರುಮಲದ ಏಳು ಬೆಟ್ಟಗಳಲ್ಲಿ ಒಂದಾದ ಅಂಜನಾದ್ರಿಯೇ ಹನುಮನ ಜನ್ಮಸ್ಥಳ ಎಂದು ಘೋಷಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಅಲ್ಲಿನ ಆಕಾಶಗಂಗೆಯ ಬಳಿ ಭೂಮಿಪೂಜೆಯೂ ಆಯಿತು.

ಟಿಟಿಡಿಯ ವಾದಕ್ಕೆ ಮುಖ್ಯ ಆಧಾರ ಪುರಾಣಗಳು ಮತ್ತು ವೆಂಕಟಾಚಲ ಮಾಹಾತ್ಮ್ಯ. ತಿರುಮಲ ಬೆಟ್ಟಕ್ಕೆ ಯುಗಕ್ಕೊಂದು ಹೆಸರಿತ್ತು, ಕೃತಯುಗದಲ್ಲಿ ವೃಷಭಾದ್ರಿ, ತ್ರೇತಾಯುಗದಲ್ಲಿ ಅಂಜನಾದ್ರಿ, ದ್ವಾಪರದಲ್ಲಿ ಶೇಷಾದ್ರಿ, ಕಲಿಯುಗದಲ್ಲಿ ವೆಂಕಟಾದ್ರಿ ಎಂಬುದು ಆ ಪರಂಪರೆಯ ಮಾತು. ಅಂಜನಾದೇವಿ ಅಲ್ಲಿ ತಪಸ್ಸು ಮಾಡಿ ಮಗನನ್ನು ಪಡೆದಳು ಎಂಬ ಕಥೆ ಅದಕ್ಕೆ ಹೊಂದಿಕೊಂಡಿದೆ.

ಕಿಷ್ಕಿಂಧೆಯ, ಅಂದರೆ ಗಂಗಾವತಿಯ ಅಂಜನಾದ್ರಿಯ, ಕಡೆಯವರದು ಬೇರೆ ವಾದ. ಮಾಹಾತ್ಮ್ಯಗಳು ಕ್ಷೇತ್ರದ ಹಿರಿಮೆ ಹೇಳಲು ಬರೆದವು, ಪ್ರಮಾಣ ಬೇಕಾದರೆ ವಾಲ್ಮೀಕಿಯನ್ನು ನೋಡಿ ಎನ್ನುತ್ತಾರೆ ಅವರು. ವಾಲ್ಮೀಕಿಯ ಕಿಷ್ಕಿಂಧೆ, ಪಂಪಾ, ಋಷ್ಯಮೂಕ, ಮತಂಗ ಪರ್ವತ, ಮಾಲ್ಯವಂತ ಎಲ್ಲವನ್ನೂ ಆನೆಗೊಂದಿ–ಹಂಪಿಯ ನೆಲದಲ್ಲಿ ಇಂದಿಗೂ ಬೆರಳು ಮಾಡಿ ತೋರಿಸಬಹುದು. 2021ರ ಮೇ ತಿಂಗಳಲ್ಲಿ ಎರಡೂ ಕಡೆಯವರು ತಿರುಪತಿಯಲ್ಲಿ ಎದುರುಬದುರು ಕೂತು ವಾದಿಸಿದರು. ಒಬ್ಬರನ್ನೊಬ್ಬರು ಒಪ್ಪಿಸಲಾಗಲಿಲ್ಲ.

ಅಷ್ಟರಲ್ಲಿ ನಮ್ಮದೇ ರಾಜ್ಯದಿಂದ ಮೂರನೆಯ ದನಿ ಎದ್ದಿತ್ತು: ಹನುಮ ಹುಟ್ಟಿದ್ದು ಗೋಕರ್ಣದಲ್ಲಿ ಎಂದು ರಾಮಚಂದ್ರಾಪುರ ಮಠದವರು ಹೇಳಿದರು. ನಾಸಿಕ್ ಬಳಿಯ ಅಂಜನೇರಿಯವರು ಸುಮ್ಮನಿರಲಿಲ್ಲ. 2022ರ ಮೇ ಕೊನೆಯಲ್ಲಿ ನಾಸಿಕ್‌ನಲ್ಲಿ ಸೇರಿದ ಧರ್ಮಸಭೆ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ ಮುರಿಯಿತು. ಜಾರ್ಖಂಡದ ಗುಮ್ಲಾ ಜಿಲ್ಲೆಯಲ್ಲೂ ಅಂಜನ್ ಎಂಬ ಊರಿದೆ, ಅವರಿಗೂ ಅದೇ ನಂಬಿಕೆ.

ವಾಲ್ಮೀಕಿ ಹೇಳಿದ್ದೆಷ್ಟು?

ಎಲ್ಲರೂ ವಾಲ್ಮೀಕಿಯನ್ನು ಕರೆದು ತರುವುದರಿಂದ ಅಲ್ಲಿ ಏನಿದೆ ಎಂದು ನೋಡಬೇಕು. ಹನುಮನ ಹುಟ್ಟಿನ ಕಥೆ ರಾಮಾಯಣದಲ್ಲಿ ಒಂದೇ ಕಡೆ ಬರುವುದಿಲ್ಲ.

ಕಿಷ್ಕಿಂಧಾಕಾಂಡದ ಕೊನೆಗೆ, ಸಮುದ್ರ ದಾಟುವವರಾರು ಎಂದು ವಾನರರು ಕಂಗೆಟ್ಟು ಕೂತಾಗ ಜಾಂಬವಂತ ಹನುಮನಿಗೆ ಅವನ ಹುಟ್ಟನ್ನು ನೆನಪಿಸುತ್ತಾನೆ. ಪುಂಜಿಕಸ್ಥಲೆ ಎಂಬ ಅಪ್ಸರೆ ಶಾಪದಿಂದ ಅಂಜನೆಯಾಗಿ ಹುಟ್ಟಿ ಕೇಸರಿಯ ಹೆಂಡತಿಯಾದಳು, ಬೆಟ್ಟದ ತುದಿಯಲ್ಲಿ ಅಡ್ಡಾಡುವಾಗ ವಾಯುವಿನ ಕಣ್ಣಿಗೆ ಬಿದ್ದಳು, ಗುಹೆಯಲ್ಲಿ ಮಗನನ್ನು ಹೆತ್ತಳು. ಬೆಟ್ಟ ಇದೆ, ಗುಹೆ ಇದೆ. ಬೆಟ್ಟಕ್ಕೆ ಹೆಸರಿಲ್ಲ.

ಸುಂದರಕಾಂಡದಲ್ಲಿ ಹನುಮನೇ ಸೀತೆಗೆ ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ತನ್ನ ತಂದೆ ಕೇಸರಿ ಮಾಲ್ಯವಂತ ಪರ್ವತದಿಂದ ಗೋಕರ್ಣ ಪರ್ವತಕ್ಕೆ ಹೋಗಿ, ಋಷಿಗಳ ಮಾತಿನಂತೆ ಶಂಬಸಾದನನೆಂಬ ಅಸುರನನ್ನು ಕೊಂದನೆಂದೂ, ಆ ಕೇಸರಿಯ ಪತ್ನಿಯಲ್ಲಿ ವಾಯುವಿನಿಂದ ತಾನು ಹುಟ್ಟಿದೆನೆಂದೂ ಹೇಳುತ್ತಾನೆ. ಗೋಕರ್ಣದವರ ವಾದ ನಿಂತಿರುವುದು ಈ ಶ್ಲೋಕಗಳ ಮೇಲೆ. ಮಾಲ್ಯವಂತ ಹಂಪಿಯ ಹತ್ತಿರವೇ ಇದೆಯಲ್ಲ ಎಂದು ಕಿಷ್ಕಿಂಧೆಯವರೂ ಇವೇ ಶ್ಲೋಕಗಳನ್ನು ಹಿಡಿಯಬಹುದು. ಉತ್ತರಕಾಂಡಕ್ಕೆ ಬಂದರೆ ಕೇಸರಿ ಸುಮೇರು ಪರ್ವತದಲ್ಲಿ ಆಳುತ್ತಿದ್ದ ಎಂದು ಇನ್ನೊಂದೇ ಮಾತು.

ಕೊಪ್ಪಳದವರಿಗೆ ರುಚಿಸದಿದ್ದರೂ ಹೇಳಬೇಕಾದ ಮಾತು ಇಷ್ಟು. ಹನುಮ ರಾಮನನ್ನು ಕಂಡದ್ದು, ಸುಗ್ರೀವನ ಮಂತ್ರಿಯಾಗಿದ್ದದ್ದು ಕಿಷ್ಕಿಂಧೆಯಲ್ಲಿ ಎಂಬುದಕ್ಕೆ ವಾಲ್ಮೀಕಿಯ ಆಧಾರ ಗಟ್ಟಿಯಾಗಿದೆ. ಹುಟ್ಟಿದ್ದೂ ಅಲ್ಲೇ ಎಂಬುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ; ತಿರುಮಲಕ್ಕೆ ವಾಲ್ಮೀಕಿಯಲ್ಲಿ ಅದೂ ಇಲ್ಲ. ಹನುಮ ಜಯಂತಿಯ ದಿನದ ಬಗ್ಗೆಯೇ ಒಮ್ಮತವಿಲ್ಲದಿರುವಾಗ ಸ್ಥಳದ ಬಗ್ಗೆ ಒಮ್ಮತ ಬರುವುದು ದೂರದ ಮಾತು: ಉತ್ತರದವರಿಗೆ ಚೈತ್ರ ಹುಣ್ಣಿಮೆ, ತೆಲುಗರಿಗೆ ವೈಶಾಖ ಬಹುಳ ದಶಮಿ, ನಮ್ಮಲ್ಲಿ ಮಾರ್ಗಶಿರ ಶುದ್ಧ ತ್ರಯೋದಶಿಯ ಹನುಮದ್ವ್ರತ.

ಇದನ್ನು ತೀರ್ಮಾನಿಸುವ ಅಧಿಕಾರ ಯಾವ ಕೋರ್ಟಿಗೂ ಯಾವ ಇಲಾಖೆಗೂ ಇಲ್ಲ. ಟಿಟಿಡಿಯ ಘೋಷಣೆಗೆ ಕಾನೂನಿನ ಬಲವಿಲ್ಲ, ಕರ್ನಾಟಕದ ಸಚಿವರ ಹೇಳಿಕೆಗೂ ಇಲ್ಲ. ಭಕ್ತರು ಪ್ರಮಾಣಪತ್ರ ನೋಡಿ ಬೆಟ್ಟ ಹತ್ತುವವರೂ ಅಲ್ಲ.

ಪೈಪೋಟಿ ತಂದ ದುಡ್ಡು

ಹಾಗಾದರೆ ಈ ಜಗಳದಿಂದ ಏನೂ ಆಗಲಿಲ್ಲವೇ? ಆಯಿತು, ಆದರೆ ಶಾಸ್ತ್ರದ ಕಡೆಯಲ್ಲಲ್ಲ, ಖಜಾನೆಯ ಕಡೆಯಲ್ಲಿ. ಟಿಟಿಡಿ ಘೋಷಿಸಿದ ಮರುವರ್ಷವೇ, 2022ರ ಮಾರ್ಚ್ ಬಜೆಟ್ಟಿನಲ್ಲಿ, ಬಸವರಾಜ ಬೊಮ್ಮಾಯಿ ಅಂಜನಾದ್ರಿಗೆ 100 ಕೋಟಿ ರೂಪಾಯಿ ಪ್ರಕಟಿಸಿದರು. 2023ರ ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ ಶಂಕುಸ್ಥಾಪನೆಯೂ ನಡೆಯಿತು. ಸರ್ಕಾರ ಬದಲಾಯಿತು, ಯೋಜನೆ ಬದಲಾಗಲಿಲ್ಲ: 2024–25ರ ಬಜೆಟ್ಟಿನಲ್ಲಿ ಸಿದ್ದರಾಮಯ್ಯ ಕೂಡ ಬೆಟ್ಟ ಮತ್ತು ಸುತ್ತಲಿನ ಪ್ರದೇಶಕ್ಕೆ 100 ಕೋಟಿ ಎಂದರು. ಅಂಜನಾದ್ರಿಗೆ ದುಡ್ಡು ಬೇಡ ಎನ್ನುವ ಧೈರ್ಯ ಈ ರಾಜ್ಯದ ಯಾವ ಪಕ್ಷಕ್ಕೂ ಇಲ್ಲ.

ಓದುಗರಿಗೆ ಗೊಂದಲ ಹುಟ್ಟುವುದು ಇಲ್ಲೇ. ಎರಡು ಸಲ ನೂರು ಕೋಟಿ ಎಂದರೆ ಇನ್ನೂರು ಕೋಟಿಯೇ? ಬಜೆಟ್ ಪ್ರಕಟಣೆ ಎಂದರೆ ಖರ್ಚಾದ ಹಣವಲ್ಲ. ಪ್ರಕಟಣೆಯಾದ ಮೇಲೆ ವಿವರವಾದ ಯೋಜನಾ ವರದಿ ಆಗಬೇಕು, ಜಾಗ ಸಿಗಬೇಕು, ಅನುಮತಿ ಬೇಕು, ಟೆಂಡರ್ ಆಗಬೇಕು, ಆಮೇಲೆ ಕಂತಿನಲ್ಲಿ ಹಣ ಬಿಡುಗಡೆ. ಅಂಜನಾದ್ರಿಯಲ್ಲಿ ಜಾಗ ಮತ್ತು ಅನುಮತಿ, ಈ ಎರಡೂ ರಾಜ್ಯದ ಬೇರೆ ಕಡೆಗಿಂತ ತೊಡಕಿನವು.

ಹೊಳೆಯಾಚೆಗೂ ಹಂಪಿಯ ಕಾನೂನು

ಅಂಜನಾದ್ರಿ ಕೊಪ್ಪಳ ಜಿಲ್ಲೆಯಲ್ಲಿದೆ, ಹಂಪಿ ವಿಜಯನಗರ ಜಿಲ್ಲೆಯಲ್ಲಿ. ನಡುವೆ ತುಂಗಭದ್ರೆ. ಜಿಲ್ಲೆಯ ಗಡಿ ನೋಡಿ, ಹಂಪಿಯ ನಿಯಮಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇದೆ. ಯುನೆಸ್ಕೊ 1986ರಲ್ಲಿ ಹಂಪಿಯ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪರಂಪರೆ ಹೊಳೆಯ ದಕ್ಷಿಣ ದಂಡೆಗೇ ನಿಲ್ಲುವುದಿಲ್ಲ. ವಿಜಯನಗರ ಸಾಮ್ರಾಜ್ಯದ ತಾಯಿಬೇರು ಆನೆಗೊಂದಿ ಉತ್ತರ ದಂಡೆಯಲ್ಲಿದೆ. 2002ರ ಕಾಯ್ದೆಯಂತೆ ರಚನೆಯಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ, ಜನರ ಬಾಯಲ್ಲಿ ‘ಹವಾಮಾ’ದ, ವ್ಯಾಪ್ತಿಗೆ ಎರಡೂ ದಂಡೆಯ 29 ಹಳ್ಳಿಗಳು ಬರುತ್ತವೆ. ಒಟ್ಟು ಸುಮಾರು 236 ಚದರ ಕಿಲೋಮೀಟರ್, ಅದರಲ್ಲಿ ಸುಮಾರು 41.8 ಚದರ ಕಿಲೋಮೀಟರ್ ಕೋರ್ ವಲಯ. ಈ ವ್ಯಾಪ್ತಿಯಲ್ಲಿ ಏನು ಕಟ್ಟಬೇಕಾದರೂ ಪ್ರಾಧಿಕಾರದ ಒಪ್ಪಿಗೆ ಬೇಕು.

ಈ ನಿಯಮದ ಬಿಗಿ ಎಷ್ಟು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಆನೆಗೊಂದಿಯನ್ನು ಹಂಪಿಗೆ ಜೋಡಿಸಲು ತಳವಾರಘಟ್ಟದ ಬಳಿ ಸೇತುವೆ ಶುರುವಾಗಿತ್ತು. ಸ್ಮಾರಕಗಳ ನಡುವೆ ಇಂಥ ಕಾಂಕ್ರೀಟು ಬೇಡ ಎಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಹಾಕಿತು. ಅಲ್ಲಿಂದ ಹೊರಬರಲು 2006 ಆಗಬೇಕಾಯಿತು. ವರ್ಷಗಟ್ಟಲೆ ನಿಂತಿದ್ದ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಆ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಕಡೆಗೆ ಬುಕ್ಕಸಾಗರ–ಕಡೆಬಾಗಿಲು ನಡುವೆ, ಸ್ಮಾರಕಗಳಿಂದ ದೂರದಲ್ಲಿ, ಬೇರೆ ಸೇತುವೆ ಆಯಿತು. ಹಂಪಿಯ ದಂಡೆಯಿಂದ ನೇರ ಬರಬೇಕೆಂದರೆ ಇವತ್ತಿಗೂ ಹರಿಗೋಲು, ದೋಣಿಯೇ ಗತಿ. ಜಲಾಶಯದ ಗೇಟು ತೆಗೆದು ನೀರು ಬಿಟ್ಟರೆ ಅದೂ ಬಂದ್.

ಇನ್ನೊಂದು ಉದಾಹರಣೆ ವಿರೂಪಾಪುರ ಗಡ್ಡೆ. ಹೊಳೆ ನಡುವಿನ ಆ ನಡುಗಡ್ಡೆಯ ರೆಸಾರ್ಟ್‌ಗಳು ಅನಧಿಕೃತ ಎಂದು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು, ಕೆಲವೇ ವಾರಗಳಲ್ಲಿ ಜೆಸಿಬಿ ಬಂದವು. ಪ್ರವಾಸಿಗರ ಓಡಾಟ ಮಾತ್ರ ನಿಲ್ಲಲಿಲ್ಲ. ವಸತಿ ವ್ಯವಹಾರ ಸಣಾಪುರ, ಹನುಮನಹಳ್ಳಿ ಕಡೆ, ಅಂದರೆ ಅಂಜನಾದ್ರಿಯ ಬುಡದತ್ತ ಸರಿಯಿತು. 2025ರ ಮಾರ್ಚ್‌ನಲ್ಲಿ ಸಣಾಪುರ ಕೆರೆಯ ಬಳಿ ಪ್ರವಾಸಿಗರ ಮೇಲೆ ನಡೆದ ಘೋರ ಅಪರಾಧದ ನಂತರ ಈ ಹೋಂಸ್ಟೇಗಳಿಗೆ ಪರವಾನಗಿ ಯಾರು ಕೊಟ್ಟರು, ನಿಗಾ ಯಾರದು ಎಂಬ ಪ್ರಶ್ನೆ ಮತ್ತೆ ಎದ್ದಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ ಎಂಬ ಅನುಭವ ಈ ಪ್ರದೇಶಕ್ಕೆ ಈಗಾಗಲೇ ಆಗಿದೆ.

ಈಗ ಯಾತ್ರಿ ನಿವಾಸ, ವಾಹನ ನಿಲುಗಡೆ, ವಾಣಿಜ್ಯ ಮಳಿಗೆ, ರೋಪ್‌ವೇಯ ಕಂಬಗಳು, ಎಲ್ಲವೂ ಇದೇ ಜರಡಿಯಲ್ಲಿ ಹಾಯಬೇಕು. ಸರ್ಕಾರ ಮನಸ್ಸು ಮಾಡುತ್ತಿಲ್ಲ ಎಂಬ ದೂರಿನಲ್ಲಿ ಅರ್ಧ ಮಾತ್ರ ಸತ್ಯ. ಮನಸ್ಸು ಮಾಡಿದರೂ ತನ್ನದೇ ಕಾಯ್ದೆಯನ್ನು ದಾಟಿ ಹೋಗಲು ಸರ್ಕಾರಕ್ಕೆ ಆಗುವುದಿಲ್ಲ.

ಗದ್ದೆ ಕೊಡುವವರ ಮಾತು

ಬೆಟ್ಟ ಬಂಡೆಯದು, ಸುತ್ತಲಿನ ನೆಲ ಹಾಗಲ್ಲ. ಆನೆಗೊಂದಿ ಸೀಮೆಯಲ್ಲಿ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿವೆ. ಬುಡದಲ್ಲಿ ಸೌಕರ್ಯ ಕಟ್ಟಬೇಕೆಂದರೆ ಇಂಥ ನೆಲಕ್ಕೇ ಕೈ ಹಾಕಬೇಕು. ಅದಕ್ಕೇ ಭೂಸ್ವಾಧೀನದ ಮಾತು ಬಂದಾಗಲೆಲ್ಲ ಚಿಕ್ಕರಾಂಪುರ, ಆನೆಗೊಂದಿ ಭಾಗದ ರೈತರು ವಿರೋಧಿಸಿದ್ದಾರೆ.

ವಿರೋಧಿಸುವವರನ್ನು ಹನುಮನ ವಿರೋಧಿಗಳೆಂದು ಬಿಂಬಿಸುವುದು ಸುಲಭ. ಅವರಲ್ಲಿ ಹೆಚ್ಚಿನವರು ಶನಿವಾರ ತಪ್ಪದೆ ಬೆಟ್ಟ ಹತ್ತುವವರೇ ಆಗಿರಬಹುದು. 2013ರ ಭೂಸ್ವಾಧೀನ ಕಾಯ್ದೆ ರೈತರ ಕಡೆಗೆ ಎರಡು ಮಾತು ಹೇಳುತ್ತದೆ: ಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ಬರುವ ನೀರಾವರಿ ಜಮೀನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಮುಟ್ಟಬೇಕು. ವಾಹನ ನಿಲುಗಡೆಗೆ ಬೇರೆ ದಾರಿಯೇ ಇಲ್ಲ ಎಂದು ವಾದಿಸುವುದು ಕಷ್ಟ. ಕೆಲವು ಕಿಲೋಮೀಟರ್ ಆಚೆ ನಿಲ್ಲಿಸಿ ಬಸ್ಸಿನಲ್ಲಿ ಕರೆತರಬಹುದು.

ಹಳ್ಳಿಯವರ ಸಿಟ್ಟಿಗೆ ಪರಿಹಾರದ ಮೊತ್ತವೊಂದೇ ಕಾರಣವಲ್ಲ. ಹವಾಮಾ ವ್ಯಾಪ್ತಿಯ ಹಳ್ಳಿಯಲ್ಲಿ ಮಗನ ಮದುವೆಯಾಯಿತೆಂದು ಮನೆಗೆ ಒಂದು ಕೋಣೆ ಏರಿಸಬೇಕಾದರೂ ಅನುಮತಿಗೆ ಅಲೆಯಬೇಕು. ಅದೇ ಊರಿನ ಗದ್ದೆಯಲ್ಲಿ ಸರ್ಕಾರ ವಾಣಿಜ್ಯ ಸಂಕೀರ್ಣ ಕಟ್ಟುತ್ತೇನೆ ಎಂದರೆ, ಪರಂಪರೆಯ ನಿಯಮ ನಮಗೆ ಮಾತ್ರವೇ ಎಂದು ಅವರು ಕೇಳುವುದು ನ್ಯಾಯವೇ. ಇದಕ್ಕೆ ಇದುವರೆಗೆ ನೆಟ್ಟಗಿನ ಉತ್ತರ ಬಂದಿಲ್ಲ.

ಪೂಜೆ ಬೇರೆ, ಹುಂಡಿ ಬೇರೆ

ಕೋರ್ಟಿನ ಸುದ್ದಿಗೆ ಬರೋಣ. 2018ರಲ್ಲಿ ದೇವಸ್ಥಾನದ ಆಡಳಿತ ಮುಜರಾಯಿ ಸುಪರ್ದಿಗೆ ಹೋಯಿತು. ಅಲ್ಲಿಯವರೆಗೆ ಪೂಜೆ ನಡೆಸಿಕೊಂಡು ಬಂದಿದ್ದ ಅರ್ಚಕರು ಇದನ್ನು ಪ್ರಶ್ನಿಸಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರು. ಮಧ್ಯಂತರ ಆದೇಶ ಅವರ ಪೂಜೆಗೆ ಅವಕಾಶ ಕೊಟ್ಟಿತು. ಅದು ಪಾಲನೆಯಾಗುತ್ತಿಲ್ಲ ಎಂಬ ದೂರು 2025ರಲ್ಲಿ ಸುಪ್ರೀಂ ಕೋರ್ಟನ್ನು ಮುಟ್ಟಿತು, ಅಡ್ಡಿ ಮಾಡಬೇಡಿ ಎಂದು ಅದು ಆಡಳಿತಕ್ಕೆ ಹೇಳಿತು. ‘ಸರ್ಕಾರಕ್ಕೆ ಮುಖಭಂಗ’ ಎಂದು ಕೆಲವರು, ‘ಬೆಟ್ಟ ಖಾಸಗಿಯವರ ಪಾಲು’ ಎಂದು ಇನ್ನು ಕೆಲವರು ಇದನ್ನು ಓದಿಕೊಂಡರು. ಎರಡೂ ಸರಿಯಲ್ಲ. ಇದು ಮಧ್ಯಂತರ ರಕ್ಷಣೆ. ದೇವಸ್ಥಾನ ಯಾರದು ಎಂಬುದರ ಮೇಲಿನ ಅಂತಿಮ ತೀರ್ಪಲ್ಲ.

ನಮ್ಮ ಕೋರ್ಟುಗಳು ದೇವಸ್ಥಾನದ ವ್ಯವಹಾರವನ್ನು ಎರಡು ಭಾಗ ಮಾಡಿ ನೋಡುತ್ತವೆ. 1954ರ ಶಿರೂರು ಮಠದ ಪ್ರಕರಣದಿಂದ ಬಂದ ದಾರಿ ಇದು: ಪೂಜೆ, ಸಂಪ್ರದಾಯ, ವಿಧಿ ಧಾರ್ಮಿಕ, ಅದರಲ್ಲಿ ಸರ್ಕಾರ ಕೈ ಹಾಕುವಂತಿಲ್ಲ. ಹಣ, ಆಸ್ತಿ, ಸಿಬ್ಬಂದಿ ಲೌಕಿಕ, ಅದನ್ನು ಕಾನೂನಿನ ಮೂಲಕ ನಿಯಂತ್ರಿಸಬಹುದು. ಅರ್ಚಕರ ನೇಮಕ ಯಾವ ಕಡೆಗೆ? ಲೌಕಿಕದ ಕಡೆಗೆ, ಆದರೆ ನೇಮಕವಾದವರು ಸಂಪ್ರದಾಯದಂತೆ ಪೂಜಿಸಬೇಕು ಎಂದು 1972ರ ಶೇಷಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ಹುಂಡಿ ಎಣಿಕೆಯನ್ನು ತಹಶೀಲ್ದಾರರು ಮಾಡುವುದೂ, ಗರ್ಭಗುಡಿಯಲ್ಲಿ ಅರ್ಚಕರು ಕೋರ್ಟಿನ ರಕ್ಷಣೆಯಲ್ಲಿ ಆರತಿ ಎತ್ತುವುದೂ ಒಟ್ಟಿಗೆ ನಡೆಯಬಹುದು. ನೋಡುವವರಿಗೆ ವಿಚಿತ್ರ, ಕಾನೂನಿಗೆ ಸಹಜ.

ಇಂಥದ್ದು ಎಷ್ಟು ಕಾಲ ಎಳೆಯಬಹುದು ಎಂಬುದಕ್ಕೆ ಆನೆಗೊಂದಿಯಲ್ಲೇ ಇನ್ನೊಂದು ನಿದರ್ಶನವಿದೆ. ಮಾಧ್ವ ಯತಿಗಳ ಬೃಂದಾವನಗಳಿರುವ ನವಬೃಂದಾವನದಲ್ಲಿ ಯಾರು ಯಾವ ಯತಿಯ ಆರಾಧನೆ ಯಾವ ದಿನ ಮಾಡಬೇಕು ಎಂದು ಎರಡು ಮಾಧ್ವ ಮಠಗಳ ನಡುವೆ ದಶಕಗಳಿಂದ ವ್ಯಾಜ್ಯವಿದೆ. ಆರಾಧನೆ ಬಂದಾಗಲೆಲ್ಲ ಕೋರ್ಟಿನ ಆದೇಶ ನೋಡಿ ಸರದಿ ಹಾಕುವ ಪರಿಸ್ಥಿತಿ. ಅಂಜನಾದ್ರಿಯ ವ್ಯಾಜ್ಯ ಬೇಗ ಮುಗಿಯುತ್ತದೆ ಎಂದು ನಂಬಿ ಯೋಜನೆ ಹಾಕುವುದು ಜಾಣತನವಲ್ಲ.

ಮೆಟ್ಟಿಲ ಲೆಕ್ಕ

ಇಲ್ಲಿಯವರೆಗಿನ ಜಗಳಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಯಜಮಾನ ಇದ್ದಾನೆ. ಕಟ್ಟಡಕ್ಕೆ ಹವಾಮಾ, ಹುಂಡಿಗೆ ಮುಜರಾಯಿ, ಪೂಜೆಗೆ ಕೋರ್ಟು, ಜಮೀನಿಗೆ ಕಂದಾಯ ಇಲಾಖೆ, ಯೋಜನೆಗೆ ಪ್ರವಾಸೋದ್ಯಮ. ಯಜಮಾನನಿಲ್ಲದ ಪ್ರಶ್ನೆ ಒಂದೇ: ಆ ಬೆಟ್ಟದ ಮೇಲೆ ಒಮ್ಮೆಗೆ ಎಷ್ಟು ಮಂದಿ ಸುರಕ್ಷಿತವಾಗಿ ಇರಬಹುದು?

ಅಂಜನಾದ್ರಿಗೆ 575 ಮೆಟ್ಟಿಲು. ಸಾಮಾನ್ಯ ದಿನಗಳಲ್ಲಿ ಹತ್ತುವವರೂ ಇಳಿಯುವವರೂ ಅವೇ ಮೆಟ್ಟಿಲಲ್ಲಿ ಎದುರಾಗುತ್ತಾರೆ. ಒಂದೊಂದು ಮೆಟ್ಟಿಲಿಗೆ ಹತ್ತುವವರು ಇಬ್ಬರು, ಇಳಿಯುವವರು ಇಬ್ಬರು ಎಂದಿಟ್ಟುಕೊಂಡರೆ ದಾರಿಯುದ್ದಕ್ಕೂ ಒಮ್ಮೆಗೆ 2,300 ಮಂದಿ. ಇದೇ ಅಪಾಯದ ದಟ್ಟಣೆ. ಒಬ್ಬರ ಕಾಲು ಜಾರಿದರೆ ಹಿಂದಿನವರಿಗೆ ಸರಿದುಕೊಳ್ಳಲು ಜಾಗವಿರದು. ಮೇಲೆ ಹೋದರೆ ಚಿಕ್ಕ ಗುಡಿ, ಸುತ್ತ ಇಕ್ಕಟ್ಟಿನ ಬಂಡೆ. ಒಂದೇ ಸಾಲಿನಲ್ಲಿ ಒಬ್ಬರಿಗೆ ಎರಡೇ ಸೆಕೆಂಡಿನ ದರ್ಶನ ಎಂದು ಹಿಡಿದರೂ ಗಂಟೆಗೆ 1,800 ಮಂದಿ, ಬಾಗಿಲು ಹಾಕದೆ ಹಗಲು ರಾತ್ರಿ ನಡೆಸಿದರೆ ದಿನಕ್ಕೆ 43,200. ಲಕ್ಷ ಮಂದಿಗೆ ದರ್ಶನವಾಗಬೇಕಾದರೆ 55 ಗಂಟೆಗೂ ಮಿಕ್ಕಿ ಬೇಕು. ಇದು ಅಂದಾಜಿನ ಗಣಿತ, ಸೆಕೆಂಡು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಉತ್ತರದ ದಿಕ್ಕು ಬದಲಾಗುವುದಿಲ್ಲ.

ಈ ಗಣಿತ ಬೇಕಾಗುವುದು ಹನುಮಮಾಲೆ ವಿಸರ್ಜನೆಯ ದಿನಕ್ಕೆ. ಮಾಲೆ ಹಾಕಿ, ಕೇಸರಿ ತೊಟ್ಟು, ವ್ರತವಿದ್ದು ಬೆಟ್ಟ ಹತ್ತಿ ಮಾಲೆ ಬಿಡುವ ಈ ಪದ್ಧತಿ ಶಬರಿಮಲೆಯ ಮಾದರಿಯಲ್ಲಿ ಬೆಳೆದದ್ದು. ಮಾರ್ಗಶಿರದಲ್ಲಿ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಗಂಗಾವತಿಯ ಸಂಕೀರ್ತನಾ ಯಾತ್ರೆಯ ಜೊತೆಗೆ ನಡೆಯುವ ವಿಸರ್ಜನೆಗೆ ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ, ಎಣಿಕೆ ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಆದರೆ ಶಬರಿಮಲೆಯ ಮಂಡಲ ವ್ರತ 41 ದಿನ, ಅದರ ಹಿಂದೆ ಮಕರವಿಳಕ್ಕು. ಜನ ಎರಡು ತಿಂಗಳಿಗೆ ಹರಡಿಕೊಳ್ಳುತ್ತಾರೆ. ಅಷ್ಟಾದರೂ ಅಲ್ಲಿ ವರ್ಚುವಲ್ ಕ್ಯೂ ಮೂಲಕ ದಿನದ ಮಿತಿ ಇದೆ. ನಮ್ಮಲ್ಲಿ ವ್ರತ ಬಂತು, ಮಿತಿ ಬರಲಿಲ್ಲ. ಇಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಸಂಘಟಕರಿಗೆ ಹೆಮ್ಮೆ, ರಾಜಕಾರಣಿಗಳಿಗೆ ಲಾಭ. ಕಡಿಮೆ ಮಾಡಿ ಎನ್ನುವವರು ಯಾರು?

ಬೆಟ್ಟದ ಗುಡಿಯ ಮೆಟ್ಟಿಲಲ್ಲಿ ಏನಾಗಬಹುದು ಎಂಬುದನ್ನು 2025ರ ಜುಲೈ ತೋರಿಸಿತು. ಹರಿದ್ವಾರದ ಮನಸಾದೇವಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಕರೆಂಟು ಹರಿಯುತ್ತಿದೆ ಎಂಬ ವದಂತಿಗೆ ಕಾಲ್ತುಳಿತವಾಗಿ ಜನ ಸತ್ತರು. ಮನಸಾದೇವಿಗೆ ರೋಪ್‌ವೇ ಇದೆ, ಅದೂ ದಶಕಗಳಿಂದ ಇದೆ. 2022ರ ಹೊಸವರ್ಷದ ನಸುಕಿನಲ್ಲಿ ವೈಷ್ಣೋದೇವಿಯಲ್ಲಿ 12 ಮಂದಿ ಸತ್ತದ್ದೂ ನೂಕುನುಗ್ಗಲಿನಲ್ಲೇ. ಅಲ್ಲಿ ದಿನಕ್ಕೆ 50,000 ಮಿತಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಹೇಳಿತ್ತು. ಮಿತಿ ಇದ್ದ ಕಡೆಯೇ ಹೀಗೆ.

ರೋಪ್‌ವೇ ಯಾರಿಗೆ?

ರೋಪ್‌ವೇ ಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಮಂಡಿನೋವಿನ ಹಿರಿಯರು, ಅಂಗವಿಕಲರು, ಬಾಣಂತಿಯರು 575 ಮೆಟ್ಟಿಲು ಹತ್ತಲಾರರು. ಕೊಪ್ಪಳದ ಬೇಸಿಗೆಯಲ್ಲಿ ಕಾದ ಬಂಡೆಯ ಮೇಲೆ ಗಟ್ಟಿ ಆಳಿಗೂ ತಲೆ ಸುತ್ತುತ್ತದೆ. ತುರ್ತಿನಲ್ಲಿ ರೋಗಿಯನ್ನು ಕೆಳಗಿಳಿಸಲೂ ಅನುಕೂಲ.

ತೊಂದರೆ ಇರುವುದು ಅದನ್ನು ಜನಸಂದಣಿಗೆ ಮದ್ದು ಎಂದು ಮಾರುವುದರಲ್ಲಿ. ಕಾಲುವೆ ಎಷ್ಟೇ ಅಗಲ ಮಾಡಿದರೂ ಗದ್ದೆಗೆ ಹೋಗುವ ನೀರು ತೂಬಿನಷ್ಟೇ. ಇಲ್ಲಿ ತೂಬು ಮೆಟ್ಟಿಲಲ್ಲ, ಮೇಲಿನ ಗುಡಿಯ ಬಾಗಿಲು. ಮೆಟ್ಟಿಲು ಹತ್ತುವ ಆಯಾಸವೇ ಇಂದು ಜನರನ್ನು ತಡೆತಡೆದು ಮೇಲೆ ಬಿಡುತ್ತಿದೆ. ಗಂಟೆಗೆ ಐನೂರು ಮಂದಿಯನ್ನು ನೇರ ತುದಿಗೆ ಇಳಿಸುವ ರೋಪ್‌ವೇ ಬಂತು ಎಂದುಕೊಳ್ಳಿ. ಮೆಟ್ಟಿಲಲ್ಲಿ ಬರುವವರು ಕಡಿಮೆಯಾಗದಿದ್ದರೆ ಆ ಐನೂರು ಮಂದಿ ಬಂಡೆಯ ಮೇಲಿನ ಗುಂಪಿಗೆ ಸೇರ್ಪಡೆ. ಕಡಿಮೆಯಾಗುವ ಸಂಭವವೂ ಇಲ್ಲ, ಸೌಕರ್ಯ ಹೆಚ್ಚಿದರೆ ಬರುವವರೂ ಹೆಚ್ಚುತ್ತಾರೆ. ಹಾಗೆ ಆಗದಂತೆ ಮಾಡಲು ರೋಪ್‌ವೇ ಟಿಕೆಟ್ಟನ್ನೂ ಮೆಟ್ಟಿಲ ಸಾಲನ್ನೂ ಒಂದೇ ಸಂಖ್ಯೆಗೆ ಕಟ್ಟಬೇಕು. ಆ ಸಂಖ್ಯೆ ಯಾರ ಬಳಿಯೂ ಇಲ್ಲ.

ಸುರಕ್ಷತೆಯ ಮಾತೂ ಇದೆ. 2022ರ ಏಪ್ರಿಲ್‌ನಲ್ಲಿ ಜಾರ್ಖಂಡದ ತ್ರಿಕೂಟ ಬೆಟ್ಟದ ರೋಪ್‌ವೇ ಕೆಟ್ಟು ಜನ ರಾತ್ರಿಯಿಡೀ ಗಾಳಿಯಲ್ಲಿ ತೂಗುವಂತಾಯಿತು, ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಪರಂಪರೆಯ ಅಡ್ಡಿ ಇನ್ನೊಂದು. ಹಂಪಿಯ ಕಡೆಯಿಂದ ನೋಡಿದರೆ ಕಣ್ಣಿಗೆ ಬೀಳುವ ಬೆಟ್ಟಕ್ಕೆ ಕಂಬ, ತಂತಿ ಹಾಕುತ್ತೇವೆ ಎಂದರೆ 1999ರ ಸೇತುವೆಯ ಪ್ರಶ್ನೆ ಮತ್ತೆ ಏಳುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟದ ರೋಪ್‌ವೇಯನ್ನು ಸಾರ್ವಜನಿಕ ವಿರೋಧಕ್ಕೆ ಮಣಿದು ಕೈಬಿಟ್ಟದ್ದು ಹಳೆಯ ಮಾತೇನಲ್ಲ.

ಬುಡದಲ್ಲಿ ಕಾಯಿ, ಹೂವು, ಎಳನೀರು, ಮಂಡಕ್ಕಿ ಮಾರಿ ಬದುಕುವವರ ಲೆಕ್ಕವನ್ನೂ ಇಲ್ಲೇ ಹಾಕಬೇಕು. 2024ರ ಕೊನೆಯಲ್ಲಿ ಕತ್ರಾದ ಅಂಗಡಿಯವರು, ಕುದುರೆಯವರು, ಡೋಲಿಯವರು ವೈಷ್ಣೋದೇವಿಯ ಹೊಸ ರೋಪ್‌ವೇ ವಿರುದ್ಧ ಬಂದ್ ಮಾಡಿದ್ದು, ದಾರಿಯ ಗಿರಾಕಿ ದಾರಿಗೇ ಬರದಂತಾಗುತ್ತದೆ ಎಂಬ ಭಯದಿಂದ. ಸಂಕೀರ್ಣದಲ್ಲಿ ಮಳಿಗೆ ಹರಾಜಾದರೆ ಚಿಕ್ಕರಾಂಪುರದ ಬುಟ್ಟಿ ವ್ಯಾಪಾರದವಳು ಹೊರಗಿನವರ ಜೊತೆ ಬಿಡ್ ಕೂಗಲಾರಳು.

ಮುಂದೆ ನೋಡಬೇಕಾದದ್ದು

ಬರುವ ದಿನಗಳ ಸುದ್ದಿಯಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು? ಮತ್ತೊಬ್ಬ ಸ್ವಾಮೀಜಿ ಮತ್ತೊಂದು ಜನ್ಮಸ್ಥಳ ಹೇಳಿದರೆ ಅದನ್ನು ಓದಿ ಪುಟ ತಿರುಗಿಸಬಹುದು. ಮತ್ತೊಂದು ಬಜೆಟ್ ಮತ್ತೆ ಕೋಟಿಗಳನ್ನು ಕೂಗಿದರೆ, ಹಿಂದಿನದರಲ್ಲಿ ಬಿಡುಗಡೆಯಾದದ್ದೆಷ್ಟು ಎಂದು ಕೇಳಬೇಕು. ನಿಜವಾಗಿ ಕಣ್ಣಿಡಬೇಕಾದದ್ದು ಯೋಜನಾ ವರದಿಯ ಮೇಲೆ. ಅದರಲ್ಲಿ ಬೆಟ್ಟದ ತುದಿಯ ಧಾರಣಾ ಸಾಮರ್ಥ್ಯ ಬರೆದಿದ್ದಾರೆಯೇ, ಹವಾಮಾ ಅದನ್ನು ನೋಡಿ ಒಪ್ಪಿದೆಯೇ, ಅದನ್ನು ಮೀರಿದ ದಿನ ಮೆಟ್ಟಿಲ ಬುಡದಲ್ಲಿ ಸಾಲು ನಿಲ್ಲಿಸುವ ಅಧಿಕಾರ ಯಾರಿಗೆ ಎಂದು ಹೆಸರಿಸಿದೆಯೇ.

ಇದಕ್ಕೆಲ್ಲ ನೂರು ಕೋಟಿ ಬೇಕಿಲ್ಲ. ವಿಸರ್ಜನೆಯನ್ನು ಒಂದು ದಿನದ ಬದಲು ಒಂದು ವಾರಕ್ಕೆ ಹರಡಿ ಜಿಲ್ಲೆಗೊಂದು ದಿನ ಹಂಚಬಹುದು. ಹತ್ತಲು ಇಳಿಯಲು ದಾರಿ ಬೇರೆ ಮಾಡಬಹುದು, ಟೋಕನ್ ಕೊಡಬಹುದು, ಗಂಗಾವತಿ ರೈಲು ನಿಲ್ದಾಣದಿಂದ ಬಸ್ಸು ಬಿಟ್ಟು ಖಾಸಗಿ ವಾಹನವನ್ನು ದೂರದಲ್ಲೇ ತಡೆಯಬಹುದು. ಇವು ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಮುಜರಾಯಿ ಮತ್ತು ಮಾಲಾಧಾರಿಗಳ ಸಂಘಟನೆಗಳು ಒಂದು ಮೇಜಿನ ಸುತ್ತ ಕೂತರೆ ಮುಗಿಯುವ ಕೆಲಸ. ಭೂಸ್ವಾಧೀನವಾಗಲಿ, ಕೋರ್ಟಿನ ತೀರ್ಪಾಗಲಿ ಇವಕ್ಕೆ ಅಡ್ಡ ಬರುವುದಿಲ್ಲ. ಶಂಕುಸ್ಥಾಪನೆಯ ಕಲ್ಲಿಗಿರುವ ಆಕರ್ಷಣೆ ಟೋಕನ್ ಕೌಂಟರಿಗಿಲ್ಲ ಎಂಬುದೊಂದೇ ತೊಡಕು.

ಮಿತಿ ಹಾಕಿದರೆ ವಿರೋಧ ಬರುವುದು ಖಂಡಿತ, ‘ಹನುಮನ ದರ್ಶನಕ್ಕೂ ಸರ್ಕಾರದ ಅಪ್ಪಣೆಯೇ’ ಎಂಬ ಮಾತು ಆ ದಿನವೇ ಏಳುತ್ತದೆ. ತಿರುಮಲದಲ್ಲಿ ಟೋಕನ್ ಹಿಡಿದು ಗಂಟೆಗಟ್ಟಲೆ ಕಾಯುವ, ಶಬರಿಮಲೆಗೆ ತಿಂಗಳು ಮುಂಚೆ ಆನ್‌ಲೈನ್ ಬುಕ್ ಮಾಡುವ ಭಕ್ತರೇ ಇಲ್ಲಿಗೂ ಬರುವವರು. ಅವರಿಗೆ ಸರದಿ ಹೊಸದಲ್ಲ. ಅಭ್ಯಾಸವಾಗಬೇಕಿರುವುದು ಆಡಳಿತಕ್ಕೆ, ಅದಕ್ಕೆ ಮುಂದಿನ ಮಾರ್ಗಶಿರದವರೆಗೆ ಸಮಯವಿದೆ.